ಪಲ್ಲಕ್ಕಿ ಏರಿದವರಿಗೆ ಜಡಭರತನ ಮಾತು

ಸಿಂಧು-ಸೌವೀರದ ರಾಜ ರಹೂಗಣ ತತ್ತ್ವ ತಿಳಿಯಲೆಂದು ಕಪಿಲ ಮುನಿಯ ಬಳಿಗೆ ಹೊರಟಿದ್ದ. ಹೊರಟದ್ದು ಪಲ್ಲಕ್ಕಿಯಲ್ಲಿ! ಇಕ್ಷುಮತಿ ನದಿಯ ದಂಡೆಯಲ್ಲಿ ಹೊರಲು ಒಬ್ಬ ಆಳು ಕಡಿಮೆ ಬಿದ್ದ. ಎತ್ತಿನಂಥ ಮೈಕಟ್ಟಿನ ಒಬ್ಬನು ಅಲ್ಲೇ ಕಣ್ಣಿಗೆ ಬಿದ್ದದ್ದೇ ತಡ, ಬೋಯಿಗಳ ಮುಖಂಡ ಅವನನ್ನು ಎಳೆತಂದು ಹೆಗಲು ಕೊಡಿಸಿದ. ಹಾಗೆ ಸಿಕ್ಕಿಬಿದ್ದವನೇ ಜಡಭರತ. ಭಾಗವತದ ಐದನೆಯ ಸ್ಕಂಧದ ಕಥೆಯಿದು.

ಪಲ್ಲಕ್ಕಿ ಹೊರುವುದಕ್ಕೆ ಬರೀ ಬಲವಿದ್ದರೆ ಸಾಲದು, ಎಲ್ಲರ ಹೆಜ್ಜೆಯೂ ಒಂದಾಗಬೇಕು. ಒಬ್ಬ ತಡೆದರೂ ಭಾರವೆಲ್ಲ ಪಕ್ಕದವನ ಹೆಗಲಿಗೆ ಜಾರುತ್ತದೆ, ಒಳಗೆ ಕೂತವರು ಓಲಾಡುತ್ತಾರೆ. ಜಡಭರತನೋ, ಕಾಲಡಿ ಹುಳುಹುಪ್ಪಟೆ ಸಿಕ್ಕೀತೆಂದು ಬಾಣದುದ್ದ ನೆಲವನ್ನು ಮುಂದೆ ನೋಡಿಯೇ ಕಾಲಿಡುತ್ತಿದ್ದ. ಪಲ್ಲಕ್ಕಿ ಕುಲುಕಾಡಿತು. ‘ಪಾಪ, ಮುದುಕ, ಬಡಕಲು, ಬಹಳ ದೂರ ಹೊತ್ತು ಬಂದು ದಣಿದಿದ್ದೀಯ’ ಎಂದು ರಾಜ ಆ ದಾಂಡಿಗನನ್ನು ಚುಚ್ಚಿದ. ಆಮೇಲೆ ಶಿಕ್ಷಿಸುವುದಾಗಿ ಗದರಿದ. ದಣಿವು, ಮುಪ್ಪು, ದಪ್ಪ, ಸಣ್ಣ ಎಲ್ಲವೂ ದೇಹದ್ದು, ಒಡೆಯ-ಆಳು ಎಂಬ ನಂಟು ನಾಳೆ ಅದಲುಬದಲಾದೀತು ಎಂದು ಬೋಯಿ ಉತ್ತರ ಕೊಟ್ಟ. ರಹೂಗಣ ಸರಸರನೆ ಕೆಳಗಿಳಿದು ಅವನ ಕಾಲಿಗೆ ಬಿದ್ದ.

ಪ್ರವಚನಗಳಲ್ಲಿ ಒತ್ತು ಬೀಳುವುದು ಈ ಆತ್ಮವಿಚಾರದ ಮೇಲೆ. ಆದರೆ ಜಡಭರತ ಅಷ್ಟಕ್ಕೇ ಬಿಡುವುದಿಲ್ಲ. ಎರಡು ಅಧ್ಯಾಯ ಕಳೆದು, ರಾಜ ಶರಣಾದ ಮೇಲೂ, ನೇರವಾಗಿ ಹೇಳುತ್ತಾನೆ: ಬಳಲಿದ ಈ ಬಡಪಾಯಿಗಳನ್ನು ಬಿಟ್ಟಿ ದುಡಿಮೆಗೆ ಹಚ್ಚಿದ ನೀನು ನಿರ್ದಯಿ, ಪ್ರಜೆಗಳ ರಕ್ಷಕನೆಂದು ಕೊಚ್ಚಿಕೊಂಡರೆ ಬಲ್ಲವರ ಸಭೆಯಲ್ಲಿ ನಿನಗೆ ಬೆಲೆಯಿಲ್ಲ. ವೇದಾಂತದ ನಡುವೆ ಹೀಗೆ ಆಳುಗಳ ಪರವಾಗಿ ಎದ್ದ ದನಿಯನ್ನು ಕಾಣುವುದು ಅಪರೂಪ.

ಕರ್ನಾಟಕದಲ್ಲಿ ಹೊರುವವರು-ಕೂರುವವರ ಈ ಪ್ರಶ್ನೆ ಇನ್ನೂ ಬೀದಿಯಲ್ಲಿದೆ. ಪೀಠಾಧಿಪತಿಗಳ ಅಡ್ಡಪಲ್ಲಕ್ಕಿ ದಾರಿಗೆ ಅಡ್ಡಲಾಗಿ ಸಾಗುವಂಥದ್ದು. ಅದು ಬರುವಾಗ ಬೇರೆ ವಾಹನಕ್ಕೆ ಎಡೆಯಿರುವುದಿಲ್ಲ. ಹಿಂದೆ ಅದು ಅರಸರಿಂದ ಪಡೆದ ಬಿರುದು, ಮಠದ ಮರ್ಯಾದೆ. ಶೃಂಗೇರಿಗೂ ಆ ಗೌರವವಿತ್ತು, ವೀರಶೈವ ಜಗದ್ಗುರುಗಳ ಉತ್ಸವಗಳಲ್ಲಿ ಇಂದಿಗೂ ಇದೆ. ಕಾಯಕ, ಸಮಾನತೆಯ ಮಾತಾಡುವ ಬಸವಾನುಯಾಯಿಗಳು ಇದನ್ನು ವಿರೋಧಿಸುತ್ತಲೇ ಬಂದಿದ್ದಾರೆ.

ತಮಿಳುನಾಡಿನಲ್ಲಿ ವಾದ ಸರ್ಕಾರದವರೆಗೆ ಹೋಯಿತು. ಮಯಿಲಾಡುತುರೈ ಬಳಿಯ ಧರ್ಮಪುರಂ ಶೈವ ಮಠದ ‘ಪಟ್ಟಿನ ಪ್ರವೇಶಂ’ ಉತ್ಸವದಲ್ಲಿ ಮಠಾಧಿಪತಿಯನ್ನು ಪಲ್ಲಕ್ಕಿಯಲ್ಲಿ ಹೊರಬಾರದೆಂದು 2022ರಲ್ಲಿ ಅಧಿಕಾರಿಗಳು ತಡೆಯೊಡ್ಡಿದರು. ಭಕ್ತರು, ಮಠಾಧೀಶರು ತಿರುಗಿಬಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಆದೇಶ ವಾಪಸಾಯಿತು, ಉತ್ಸವವೂ ನಡೆಯಿತು.

ಹೊರುವವರು ತಾವಾಗಿಯೇ, ಪುಣ್ಯವೆಂದು ಹೊರುತ್ತಾರೆ ಎಂಬುದು ಮಠದ ಕಡೆಯವರ ವಾದ. ನಿಜವೇ ಇರಬಹುದು. ಗುರುವಿಗೆ ಹೆಗಲು ಕೊಡುವಾಗ ಭಕ್ತನ ಕಣ್ಣು ತುಂಬಿ ಬರುವುದನ್ನು ಹೀಗಳೆಯುವುದು ಯಾರಿಗೂ ಶೋಭಿಸದು. ಆದರೆ ಆ ವಾದ ಹೊರುವವನ ಮನಸ್ಸಿಗಷ್ಟೇ ಸಲ್ಲುತ್ತದೆ. ಜಡಭರತನ ಮಾತು ಇರುವುದು ಕೂತವನಿಗೆ. ಎಲ್ಲರಲ್ಲೂ ಒಂದೇ ಚೈತನ್ಯ ಎಂದು ಬೋಧಿಸುವವನು ಒಪ್ಪಿ ಹೇಗೆ ಏರಿದ?

ಗುರುವಿನ ಕಡೆಯವನೇ ಹೆಗಲು ಕೊಟ್ಟ ಕಥೆಯೂ ಪರಂಪರೆಯಲ್ಲಿದೆ. ಕೀಳೆಂದು ಕಾವೇರಿಯ ದಡದಲ್ಲೇ ತಡೆದಿದ್ದ ಭಕ್ತಕವಿ ತಿರುಪ್ಪಾಣಾಳ್ವಾರರನ್ನು, ಶ್ರೀರಂಗದ ಅರ್ಚಕ ಲೋಕಸಾರಂಗ ಮುನಿ ರಂಗನಾಥನ ಅಪ್ಪಣೆಯಂತೆ ಹೆಗಲ ಮೇಲೆ ಹೊತ್ತು ಗುಡಿಯೊಳಕ್ಕೆ ಕರೆತಂದ. ಅದೇ ಬಗೆಯಲ್ಲಿ 2018ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಜಿಯಾಗುಡದ ರಂಗನಾಥ ದೇಗುಲದಲ್ಲಿ ಚಿಲ್ಕೂರು ಬಾಲಾಜಿ ಗುಡಿಯ ಅರ್ಚಕ ಸಿ.ಎಸ್. ರಂಗರಾಜನ್ ದಲಿತ ಭಕ್ತನೊಬ್ಬನನ್ನು ಹೆಗಲ ಮೇಲೆ ಕೂರಿಸಿಕೊಂಡು ಒಳಗೆ ನಡೆದರು.

ಪಲ್ಲಕ್ಕಿಯನ್ನು ಮೂಲೆಗೆಸೆಯಬೇಕಿಲ್ಲ. ಗುಡಿಗೆ ಬರಲಾಗದವರ ಮನೆಬಾಗಿಲಿಗೆ ಉತ್ಸವಮೂರ್ತಿ ಬರುವುದು ಅದರಲ್ಲೇ. ಆಳಂದಿಯಿಂದ ಪಂಢರಪುರಕ್ಕೆ ವಾರಕರಿಗಳು ಜ್ಞಾನೇಶ್ವರರ ಪಾದುಕೆಗಳನ್ನು ಒಯ್ಯುವುದೂ ಪಲ್ಲಕ್ಕಿಯಲ್ಲೇ. ನಮ್ಮಲ್ಲೂ ಅದರಲ್ಲಿ ವಚನಗ್ರಂಥವಿಟ್ಟು ಮೆರವಣಿಗೆ ಮಾಡುವ ಊರುಗಳಿವೆ. ಸ್ವಾಮಿಗಳು ಅದರ ಹಿಂದೆ ಜನರೊಟ್ಟಿಗೆ ನಡೆದು ಬರಲಿ. ಮಂಡಿನೋವಿದ್ದರೆ ಕಾರು ಇದ್ದೇ ಇದೆ.