ಲಾಠಿಯೂ ಕಾಯಕವೂ

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಗ್ರಾಮದ ತರುಣನು ಪೊಲೀಸ್ ನೌಕರಿಯನ್ನು ಬಯಸಿದರೆ, ‘ಲಿಂಗವಂತನ ಕೈಗೆ ಲಾಠಿ ಒಪ್ಪುವುದೆ?’ ಎಂದು ಮನೆಯ ಹಿರಿಯರು ಶಂಕಿಸಬಹುದು. ಕಾಯಕದಲ್ಲಿ ಮೇಲುಕೀಳನ್ನೆಣಿಸದ ಶರಣರ ಬಳಗದಲ್ಲಿ ತಳವಾರ ಕಾಮಿದೇವನೂ ಇದ್ದನು. ಊರು ಕಾಯುವುದೇ ಅವನ ಕಾಯಕ. ಹತ್ತು ಜನ ನೆಮ್ಮದಿಯಿಂದ ನಿದ್ರಿಸಲೆಂದು ಒಬ್ಬನು ಎಚ್ಚರಿರುವುದು ಕೀಳು ಕೆಲಸವಲ್ಲ.

ಆದರೆ ಇದೇ ಸೀಮೆಯು ಇನ್ನೊಂದನ್ನೂ ಕಂಡಿದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರು ಪೊಲೀಸರ ಗುಂಡಿಗೆ ಬಲಿಯಾದರು. ಗುಂಡು ಹಾರಿಸಿದವರೂ ಸರಕಾರದ ಸಂಬಳ ಉಂಡವರೇ. ಸಂಬಳ ತರುವ ದುಡಿಮೆಯೆಲ್ಲವೂ ಕಾಯಕವಾಗದು.

ಇಂದಿನ ಪೊಲೀಸನು ಸಂವಿಧಾನಕ್ಕೆ ಬದ್ಧನು. ಕಾನೂನು ಮೀರಿದ ಆಜ್ಞೆ ಅವನಿಗೆ ರಕ್ಷೆಯಾಗದು. ಲಂಚದ ಹಣ ಮನೆಯ ಹೊಸ್ತಿಲು ದಾಟಿದಂದೇ ಕಾಯಕ ಕೆಟ್ಟಿತು. ಆ ಹಣದಿಂದ ನಡೆಸಿದ ದಾಸೋಹವೂ ದಾಸೋಹವಲ್ಲ. ಆದುದರಿಂದ ತರುಣನು ‘ನೌಕರಿ ದೊರೆತೀತೆ?’ ಎಂದು ಕೇಳುವ ಮುನ್ನ, ‘ಅನ್ಯಾಯದ ಆಜ್ಞೆ ಬಂದಾಗ, ನೌಕರಿ ಹೋದರೂ ಒಲ್ಲೆನೆನ್ನಬಲ್ಲೆನೆ?’ ಎಂದು ತನ್ನನ್ನೇ ಕೇಳಿಕೊಳ್ಳಲಿ. ಬಲ್ಲೆನೆಂದು ಅಂತರಂಗ ನುಡಿದರೆ ಹಿರಿಯರು ಹರಸಿ ಕಳುಹಿಸಲಿ. ಅಳುಕಿದರೆ ಬೇರೊಂದು ಕಾಯಕ ಹಿಡಿಯುವುದೇ ಲೇಸು.