ಹಾಡನ್ನು ಯಾರ ಜಗಲಿಯಲ್ಲಿ ಇಡುವುದು?

ಹಾಡುವವನು ಎಲ್ಲಿ ನಿಂತು ಹಾಡಬೇಕು ಎಂಬ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಅರಮನೆಯ ಆಸ್ಥಾನ, ದೇವಸ್ಥಾನದ ನವರಂಗ, ಊರ ಬೀದಿ—ಇವುಗಳಲ್ಲಿ ಒಂದನ್ನು ಆರಿಸಿಕೊಂಡವನು ಬಾಳಿನ ರೀತಿಯನ್ನೇ ಆರಿಸಿಕೊಂಡಂತಾಗುತ್ತಿತ್ತು. ಪುರಂದರದಾಸರು ಸಿರಿಯನ್ನು ತೊರೆದು ಬೀದಿಗೆ ಇಳಿದರೆಂದು ಪರಂಪರೆ ಹೇಳುತ್ತದೆ. ಹರಿದಾಸರ ಆ ಜೀವನಕ್ರಮಕ್ಕೆ ಮಧುಕರವೃತ್ತಿ ಎಂದು ಹೆಸರು. ದುಂಬಿಯು ಹೂವಿಗೆ ನೋವಾಗದಂತೆ ಒಂದೊಂದರಿಂದ ತುಸು ತುಸು ಮಧುವನ್ನು ತೆಗೆದುಕೊಳ್ಳುವ ಹಾಗೆ, ಮನೆಮನೆಯ ಮುಂದೆ ಹಾಡಿ ಹಿಡಿಯಷ್ಟು ಅಕ್ಕಿ ಪಡೆಯುವುದು. ಭಕ್ತಿಯ ಮಾತು ಹಾಗಿರಲಿ; ಇಲ್ಲಿ ನಾನು ಗಮನಿಸುವುದು ಇಷ್ಟೆ. ಅಕ್ಕಿ ಹಾಕಿದ ಗೃಹಿಣಿಗೆ ಹಾಡಿದವನ ಮುಖ ಕಾಣುತ್ತಿತ್ತು. ಅದು ಯಾವ ಮನೆಯ ಅಕ್ಕಿ ಎಂಬುದು ಹಾಡಿದವನಿಗೆ ತಿಳಿದಿರುತ್ತಿತ್ತು. ಹಾಡಿನ ಕೊನೆಯಲ್ಲಿ ಅಂಕಿತವೂ ಇರುತ್ತಿತ್ತು.

ಬೆನ್ನಿಗೆ ಯಾವ ಕಂಪನಿಯೂ ಇಲ್ಲದೆ, ತಾನೇ ಕಟ್ಟಿ ತಾನೇ ಹಾಡಿ ತಾನೇ ಮುದ್ರಿಸಿಕೊಳ್ಳುವ ಇಂದಿನ ತರುಣನಿಗೆ ಬೀದಿಯೆಂದರೆ ಅಂತರ್ಜಾಲ. ಹಾವೇರಿಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರಿನೊಡನೆ ಹಾಡುತ್ತಾನೆ. ಸ್ವಂತ ಪದಗಳನ್ನೂ ಕಟ್ಟಿದ್ದಾನೆ. ಆರು ಹಾಡುಗಳನ್ನು ಮುದ್ರಿಸಿಕೊಂಡು, ಯಾವ ಜಾಲತಾಣಕ್ಕೆ ಕೊಡಲಿ ಎಂದು ನನ್ನನ್ನು ಕೇಳಿದ. ಕನ್ನಡ ಮೇಷ್ಟರನ್ನು ಕೇಳುವ ಪ್ರಶ್ನೆಯೆ ಇದು! ಅವನ ಗೆಳೆಯರೆಲ್ಲ, ಸಿಕ್ಕ ಕಡೆಗೆಲ್ಲ ಹಾಕು ಎಂದಿದ್ದರಂತೆ. "ಎಲ್ಲಾ ಕಡೆ ಹಾಕಿದ್ರ ಎಲ್ಲೂ ಇಲ್ಲದಂಗ ಆಗ್ತದಲ್ರೀ, ಸರ" ಎಂದ. ಆ ಮಾತು ನನ್ನನ್ನು ಬಿಡಲಿಲ್ಲ.

ತಾಣಗಳೆಲ್ಲ ಒಂದೇ ಬಗೆಯವಲ್ಲ. ಯೂಟ್ಯೂಬ್ ಎಂಬುದು ಸಂತೆ. ಅಲ್ಲಿ ಜನವಿದೆ, ಗದ್ದಲವಿದೆ. ಹಾದುಹೋಗುವವನು ಒಂದು ಗಳಿಗೆ ನಿಂತಾನು. ಅಲ್ಲಿ ಜಾಹೀರಾತಿನ ಹಣದಲ್ಲಿ ಪಾಲು ಬೇಕಾದರೆ ಸಾವಿರ ಮಂದಿ ಚಂದಾದಾರರೂ ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆಯೂ ಇರಬೇಕೆಂದು 2018ರಲ್ಲಿ ನಿಯಮವಾಯಿತು. ಇದನ್ನು ನಾನು ತಪ್ಪೆನ್ನುವುದಿಲ್ಲ. ಸಂತೆಗೆ ಸಂತೆಯ ಧರ್ಮ.

ನಿಜವಾಗಿ ಯೋಚನೆಗೆ ಈಡುಮಾಡುವುದು ಸ್ಪಾಟಿಫೈಯಂತಹ ಚಂದಾ ತಾಣ. 2019ರಲ್ಲಿ ನಮ್ಮ ದೇಶಕ್ಕೆ ಬಂದ ಇದು ಒಂಟಿ ಹಾಡುಗಾರನಿಂದ ಹಾಡನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ. ನಡುವೆ ವಿತರಕ ಸಂಸ್ಥೆಯೊಂದು ಬೇಕು. ಕೇಳುಗರು ತೆತ್ತ ಹಣವೆಲ್ಲ ಒಂದು ಕಣಜಕ್ಕೆ ಬೀಳುತ್ತದೆ. ಕಂಪನಿಯ ಪಾಲು ಕಳೆದು ಉಳಿದುದನ್ನು, ಒಟ್ಟು ಕೇಳಿಕೆಯಲ್ಲಿ ಯಾರ ಹಾಡು ಎಷ್ಟು ಭಾಗವೋ ಅದೇ ಪ್ರಮಾಣದಲ್ಲಿ ಅಳೆದುಕೊಡುತ್ತಾರೆ. ಲೆಕ್ಕ ನೇರವಾಗಿದೆ. ಆದರೆ ಓದುಗರು ಒಮ್ಮೆ ಯೋಚಿಸಿ ನೋಡಬೇಕು: ನಾನು ತಿಂಗಳಿಡೀ ನಮ್ಮ ಹಾವೇರಿಯ ಹುಡುಗನೊಬ್ಬನನ್ನೇ ಕೇಳಿದೆನೆನ್ನಿ, ಆಗಲೂ ನನ್ನ ಚಂದಾ ಅವನ ಕೈಸೇರುವುದಿಲ್ಲ, ಅದರ ಬಹುಭಾಗ ನಾನು ಹೆಸರು ಸಹ ಕೇಳದ ಜನಪ್ರಿಯರಿಗೆ ಸಲ್ಲುತ್ತದೆ. ನನ್ನ ಮನೆಯ ಮುಂದೆ ಹಾಡಿದವನ ಜೋಳಿಗೆಗೆ ಹಾಕಿದ ಅಕ್ಕಿ ಪಕ್ಕದ ಬೀದಿಯ ಛತ್ರಕ್ಕೆ ಹೋದಂತೆ. ಕೇಳುಗನ ಹಣ ಅವನು ಕೇಳಿದವರಿಗೇ ಸೇರಲಿ ಎಂಬ ಬೇರೊಂದು ಕ್ರಮವನ್ನು ಸೌಂಡ್‌ಕ್ಲೌಡ್ 2021ರಲ್ಲಿ ಸ್ವತಂತ್ರ ಕಲಾವಿದರಿಗಾಗಿ ತಂದಿತು. ಆದ್ದರಿಂದ ಬೇರೆ ದಾರಿಯೇ ಇಲ್ಲವೆಂದು ಯಾರೂ ಹೇಳುವಂತಿಲ್ಲ.

2024ರಿಂದ ಸ್ಪಾಟಿಫೈಯಲ್ಲಿ ಇನ್ನೊಂದು ನಿಯಮ. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಗೌರವಧನವಿಲ್ಲ. ಅಷ್ಟು ಕಡಮೆ ಕೇಳಿಕೆಗೆ ಬರುವುದು ಪುಡಿಗಾಸು, ಅದು ಹಾಡುಗಾರನ ಕೈಗೆ ಮುಟ್ಟುವುದೂ ಇಲ್ಲ ಎಂಬುದು ಅವರ ಸಮಾಧಾನ. ಇರಬಹುದು. ಆದರೂ ಒಂಬೈನೂರು ಸಲ ಕೇಳಿಸಿಕೊಂಡ ಹಾಡನ್ನು ಬೆಲೆಯ ಲೆಕ್ಕದಲ್ಲಿ ಸೊನ್ನೆಯೆನ್ನಲು ನನ್ನ ಮನಸ್ಸು ಒಪ್ಪದು. ಒಬ್ಬನೇ ಹತ್ತು ಸಲ ಕೇಳಿರಬಹುದು. ಹಾಗಾದರೂ ತೊಂಬತ್ತು ಮಂದಿ. ರಾಮನವಮಿಯ ಕಚೇರಿಯಲ್ಲಿ ತೊಂಬತ್ತು ಜನ ಕೊನೆಯ ಮಂಗಳದವರೆಗೆ ಕುಳಿತರೆ ನಮ್ಮ ವಿದ್ವಾಂಸರು ಅದನ್ನು ತುಂಬಿದ ಸಭೆಯೆಂದೇ ಎಣಿಸುತ್ತಾರೆ.

"ಕಲೆಗೆ ಕಾಸಿನ ಮಾತೇಕೆ? ದಾಸರು ಲೆಕ್ಕ ಇಟ್ಟಿದ್ದರೆ?" ಎನ್ನುವವರುಂಟು. ಇಂಥ ಮಾತನ್ನು ನಾನು ಹೆಚ್ಚಾಗಿ ಕೇಳಿರುವುದು ತಿಂಗಳ ಮೊದಲ ತಾರೀಖು ಸಂಬಳ ಬರುವ ನಮ್ಮಂಥವರ ಬಾಯಲ್ಲಿ. ದಾಸರ ವೃತ್ತಿ ಅವರೇ ಹಿಡಿದ ವ್ರತ. ಮನೆಯೊಡತಿ ಅವರ ಮೇಲೆ ಹೊರಿಸಿದ್ದಲ್ಲ. ತೊರೆಯುವುದು ತೊರೆಯುವವನ ಹಕ್ಕು. ಹಾಡನ್ನು ಬಿಟ್ಟಿ ಕೊಡುತ್ತೇನೆ ಎಂದು ಹಾಡಿದವನು ಹೇಳಿದರೆ ಅದು ದಾನ. ಅವನನ್ನು ಕೇಳದೆ ಮತ್ತೊಬ್ಬರು ಬಿಟ್ಟಿಯೆಂದು ತೀರ್ಮಾನಿಸಿದರೆ ಅದಕ್ಕೆ ಬೇರೆ ಹೆಸರು. ತಾಣಗಳನ್ನು ತೂಗಿನೋಡಲು ಆದಾಯಕ್ಕಿಂತ ಇದೇ ಸರಿಯಾದ ತಕ್ಕಡಿ ಎಂದು ನನಗೆ ತೋರುತ್ತದೆ. ಬೆಲೆ ಕಟ್ಟುವ, ಬೆಲೆಯನ್ನು ಬಿಟ್ಟುಕೊಡುವ, ಬೇಡವೆನಿಸಿದಾಗ ಹಾಡನ್ನು ಹಿಂತೆಗೆದುಕೊಳ್ಳುವ ಅಧಿಕಾರ ಯಾರ ಕೈಯಲ್ಲಿದೆ?

ಈ ತಕ್ಕಡಿಯಲ್ಲಿ ಬ್ಯಾಂಡ್‌ಕ್ಯಾಂಪ್ ಮೇಲಾಗಿ ನಿಲ್ಲುತ್ತದೆ. 2008ರಲ್ಲಿ ಮೊದಲಾದ ಈ ತಾಣದಲ್ಲಿ ಹಾಡಿಗೆ ಬೆಲೆ ಇಡುವವನು ಹಾಡುಗಾರನೇ. ಸೊನ್ನೆಯೆಂದೂ ಇಡಬಹುದು, ನಿಮಗೆ ತೋರಿದಷ್ಟು ಕೊಡಿ ಎಂದೂ ಹೇಳಬಹುದು. ಹಾಡಿನ ಮಾರಾಟದಲ್ಲಿ ಅವರು ಹಿಡಿದುಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೆ 15. ಕೊಂಡವರು ಯಾರೆಂಬುದು ಹಾಡಿದವನಿಗೆ ತಿಳಿಯುತ್ತದೆ. ಮಧುಕರವೃತ್ತಿಗೆ ಇಷ್ಟು ಹತ್ತಿರದ ಏರ್ಪಾಡು ಅಮೆರಿಕದಿಂದ ಬಂದದ್ದು ಒಂದು ತಮಾಷೆಯೇ ಸರಿ. ಆದರೆ ಅಲ್ಲಿಯ ಬೀದಿಯಲ್ಲಿ ಕನ್ನಡ ಕೇಳುಗರ ಸಂಚಾರ ವಿರಳ. ಮೇಲಾಗಿ ಆ ಮನೆಯೂ 2022ರಲ್ಲಿ ಎಪಿಕ್ ಗೇಮ್ಸ್ ಎಂಬ ಆಟದ ಕಂಪನಿಗೆ, 2023ರಲ್ಲಿ ಸಾಂಗ್‌ಟ್ರೇಡರ್ ಎಂಬ ಇನ್ನೊಂದಕ್ಕೆ ಕೈಬದಲಾಯಿತು; ಎರಡನೆಯ ಸಲ ನೌಕರರಲ್ಲಿ ಸುಮಾರು ಅರ್ಧದಷ್ಟು ಮಂದಿ ಕೆಲಸ ಕಳೆದುಕೊಂಡರು. ಜಗಲಿ ಎಷ್ಟು ಚೆಂದವಾಗಿದ್ದರೂ ಮನೆ ಪರರದು.

ಪರರ ಮನೆಯಲ್ಲಿ ಇಟ್ಟ ಗಂಟು ಏನಾದೀತೆಂಬುದಕ್ಕೆ ಮೈಸ್ಪೇಸಿನ ಕಥೆಯುಂಟು. 2015ಕ್ಕೆ ಹಿಂದಿನ ಹನ್ನೆರಡು ವರ್ಷ ಜನ ಅಲ್ಲಿ ಸೇರಿಸಿದ್ದ ಹಾಡುಗಳು, ಯಂತ್ರದಿಂದ ಯಂತ್ರಕ್ಕೆ ಸಾಗಿಸುವಾಗ ಅಳಿಸಿಹೋದುವೆಂದು 2019ರಲ್ಲಿ ಬಯಲಾಯಿತು. ಸುಮಾರು ಐದು ಕೋಟಿ ಹಾಡುಗಳೆಂದು ಪತ್ರಿಕೆಗಳು ಬರೆದುವು. ಯಾರೋ ಪುಣ್ಯವಂತರು ಮೊದಲೇ ನಕಲು ಮಾಡಿಟ್ಟಿದ್ದುದರಿಂದ 4.9 ಲಕ್ಷದಷ್ಟು ಉಳಿದುವು. ಇದಕ್ಕೆ ಪ್ರತಿಯಾಗಿ ಗೌಹರ್ ಜಾನ್ ನೆನಪಾಗುತ್ತಾಳೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗಾಗಿ ಹಾಡಿ, ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ; ಅಲ್ಲಿಯವರಿಗೆ ಗುರುತಾಗಲಿ ಎಂದು ಈ ಉಪಾಯವಂತೆ. ಅದನ್ನೂ ಅಂಕಿತವೆನ್ನಬಾರದೇಕೆ? ನಮ್ಮ ಮೈಸೂರಿನಲ್ಲಿ 1930ರಲ್ಲಿ ಕಣ್ಮುಚ್ಚಿದ ಆಕೆಯ ಹೆಸರು ಆ ಸವೆದ ತಟ್ಟೆಗಳಲ್ಲಿ ಇನ್ನೂ ಕೇಳುತ್ತದೆ. ಚಂದಾ ತಾಣದಲ್ಲಾದರೋ "ಮಳೆಯ ಸಂಜೆಗೆ" "ಓದುವಾಗ" ಎಂದು ಯಾರೋ ಹೆಣೆದ ಮಾಲೆಯಲ್ಲಿ ಹಾಡು ಹರಿದುಹೋಗುತ್ತದೆ; ಹಾಡಿದವರಾರು ಎಂದು ಕೇಳುವ ಪ್ರಮೇಯವೇ ಬಾರದು.

ಹುಡುಗನಿಗೆ ನಾನು ಹೇಳಿದ್ದು ಹೀಗೆ. ಎರಡು ಹಾಡನ್ನು ಸಂತೆಗೆ ಬಿಡು. ಜನ ಇರುವಲ್ಲಿಗೆ ಹೋಗುವುದು ಅವಮಾನವಲ್ಲ. ಉಳಿದ ನಾಲ್ಕನ್ನು ನೀನೇ ಬೆಲೆ ಹೇಳಬಹುದಾದ ಕಡೆ ಇಡು, ಕೊಂಡವರ ಹೆಸರು ಬರೆದಿಟ್ಟುಕೊ. ಮೂಲಪ್ರತಿಯನ್ನು ಎರಡು ಕಡೆ, ನಿನ್ನ ಮನೆಯಲ್ಲಿ ಒಂದು, ಅಕ್ಕನ ಮನೆಯಲ್ಲಿ ಒಂದು, ಕಾಪಾಡು. ಅವನು ಆರನ್ನೂ ಬೆಲೆ ಕಟ್ಟುವ ತಾಣದಲ್ಲಿಯೇ ಇಟ್ಟ. ಶರೀಫರ ಪದಗಳಿಗೆ ಮಾತ್ರ ಬೆಲೆ ಹಾಕಲಿಲ್ಲ. "ಅವು ನನ್ನವಲ್ಲರೀ" ಎಂದ.

ಇನ್ನು ಕೇಳುಗರಾದ ನಮ್ಮ ಪಾಡು. ದರ್ಶಿನಿಯಲ್ಲಿ ನಿಂತು ದೋಸೆ ತಿಂದು ಕಾಫಿ ಕುಡಿಯುವಷ್ಟು ಹಣಕ್ಕೆ ಅವನ ಸ್ವಂತ ಪದಗಳೆಲ್ಲ ಬರುತ್ತವೆ. ಕೊಂಡುಕೊಳ್ಳಿರೆಂದು ಮನೆಯಲ್ಲಿ ಹೇಳಿದೆ. "ಅಪ್ಪಾ, ತಿಂಗಳು ತಿಂಗಳೂ ಚಂದಾ ಕಟ್ಟುತ್ತಿದ್ದೇವಲ್ಲ, ಮತ್ತೆ ಯಾಕೆ?" ಎಂದಳು ಮಗಳು. ನಮ್ಮ ಚಂದಾದಲ್ಲಿ ಹೋದ ತಿಂಗಳು ಯಾರಿಗೆ ಎಷ್ಟು ಸಂದಿತು ಎಂದು ಕೇಳಿದೆ. ಅವಳು ಫೋನನ್ನು ತಿರುವಿ ತಿರುವಿ ನೋಡಿದಳು. ಅದನ್ನು ತಿಳಿಸುವ ಪುಟ ಅವಳಿಗೆ ಸಿಕ್ಕಲಿಲ್ಲ.