‘ನಡೆಯುತ್ತದೆ’ ಎಂಬ ಮಾತು

ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತು ‘ನಡೆಯುತ್ತದೆ ಬಿಡು’. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿದೆಯೇ? ನಡೆಯುತ್ತದೆ. ಇಸ್ತ್ರಿಪೆಟ್ಟಿಗೆಯ ವೈರು ಸುಲಿದಿದೆಯೇ? ಈ ತಿಂಗಳೊಂದು ನಡೆಯುತ್ತದೆ. ಈ ಮಾತಿಲ್ಲದಿದ್ದರೆ ತಿಂಗಳ ಇಪ್ಪತ್ತನೆಯ ತಾರೀಕು ದಾಟುವುದೇ ಕಷ್ಟವೆಂದು ನಿಮಗೂ ಗೊತ್ತು. ನಾನೂ ಅದನ್ನು ಸಂಸಾರಸ್ಥೆಯ ಜಾಣತನವೆಂದೇ ತಿಳಿದಿದ್ದೆ. ಸಂಶಯ ಹುಟ್ಟಿದ್ದು 1996ರ ಮಳೆಗಾಲದಲ್ಲಿ, ನಮ್ಮ ಮನೆಯ ಜಗಲಿಯಲ್ಲಿ.

ಮಂಗಳೂರಿನ ದಕ್ಕೆಯನ್ನು ಮಳೆಗಾಲದಲ್ಲಿ ನೋಡಿದ್ದೀರಾ? ಗುರುಪುರ ಹೊಳೆಯಲ್ಲಿ ಬೋಟುಗಳು ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ನಿಂತಿರುತ್ತವೆ. ಈಗ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗಲೂ ಮಳೆಗಾಲಕ್ಕೆ ಬೋಟುಗಳನ್ನು ಕಟ್ಟಿಹಾಕುತ್ತಿದ್ದರು. ಮೀನಿಗೆ ಅದು ಮರಿ ಮಾಡುವ ಕಾಲವಾದರೆ ಎಂಜಿನ್ನಿಗೆ ಬಾಣಂತನದ ಕಾಲ ಎನ್ನುತ್ತಿದ್ದರು ನಮ್ಮ ಅತ್ತೆ. ಎಣ್ಣೆಸ್ನಾನ, ವಿಶ್ರಾಂತಿ, ಆರೈಕೆ ಎಲ್ಲವೂ ಆಗಲೇ.

ನಮ್ಮವರೂ ಅವರ ಅಣ್ಣನೂ ಪಾಲಿನಲ್ಲಿ ಒಂದು ಮರದ ಟ್ರಾಲ್ ಬೋಟು ಇಟ್ಟುಕೊಂಡಿದ್ದರು. ಹಳೆಯದು, ಒಳಗಿನ ಆರು ಸಿಲಿಂಡರಿನ ಡೀಸೆಲ್ ಎಂಜಿನ್ನು ಅದಕ್ಕಿಂತ ಹಳೆಯದು. 1995ರ ದೀಪಾವಳಿಯ ಹೊತ್ತಿಗೆ ಎಂಜಿನ್ನಿನ ತಳದಿಂದ ‘ದಬ್ ದಬ್’ ಎಂಬ ಸದ್ದು ಬರತೊಡಗಿತ್ತು. ಬಿಚ್ಚಿ ನೋಡಬೇಕೆಂದು ಮೇಸ್ತ್ರಿ ಹೇಳಿದ್ದರು. ಮೀನು ಚೆನ್ನಾಗಿ ಬೀಳುತ್ತಿದ್ದ ಕಾಲ. ‘ಮಳೆಗಾಲದವರೆಗೆ ನಡೆಯುತ್ತದೆ’ ಎಂದರು ಇವರು. ಡಿಸೆಂಬರಿನ ಒಂದು ರಾತ್ರಿ ಆಯಿಲಿನ ಒತ್ತಡ ಇಳಿದು ಬೋಟು ನಡುಕಡಲಲ್ಲಿ ನಿಂತಿತು. ಬೇರೊಂದು ಬೋಟಿನವರು ಹಗ್ಗ ಕಟ್ಟಿ ಎಳೆದು ತಂದರು. ಏಳು ಜನರಲ್ಲಿ ಯಾರ ಮೈಮೇಲೂ ಒಂದು ಗೀರಿಲ್ಲ. ದೇವಸ್ಥಾನಕ್ಕೆ ಹೂವಿನ ಪೂಜೆ ಕೊಟ್ಟು, ಬೇರಿಂಗು ಮಾತ್ರ ಬದಲಿಸಿ ಮತ್ತೆ ಕಡಲಿಗೆ ಬಿಟ್ಟೆವು. ‘ಏನೂ ಆಗಲಿಲ್ಲವಲ್ಲ’ ಎಂದು ನಾನೂ ನಿಟ್ಟುಸಿರು ಬಿಟ್ಟಿದ್ದೆ.

ಜುಲೈಯಲ್ಲಿ ಎಂಜಿನ್ನನ್ನು ಪೂರ್ತಿ ಬಿಚ್ಚಿದರು. ಮೊದಲು ಹೆಡ್ಡು, ಆಮೇಲೆ ಪಿಸ್ಟನ್ನುಗಳು. ಚೈನ್ ಪುಲ್ಲಿ ಕಟ್ಟಿ ಎಂಜಿನ್ನನ್ನು ಮೇಲೆತ್ತಿ ಕ್ರ್ಯಾಂಕ್ ಶಾಫ್ಟನ್ನು ಹೊರತೆಗೆದರು. ದಕ್ಕೆಯಲ್ಲಿ ಸುರಿಮಳೆ, ನಾಲ್ಕು ಜನ ಅದನ್ನು ಹೊತ್ತು ತಂದು ನಮ್ಮ ಜಗಲಿಯಲ್ಲಿ ಗೋಣಿಯ ಮೇಲೆ ಮಲಗಿಸಿದರು. ಅದರ ಕೆಲಸವೇನೆಂದು ಚಾ ಕುಡಿಯುತ್ತ ಮೇಸ್ತ್ರಿ ನನಗೆ ವಿವರಿಸಿದರು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದಿಲ್ಲವೇ, ಹಾಗೆ ಗಾಳಿಯನ್ನೇ ಒತ್ತಿ ಒತ್ತಿ ಕಾಯಿಸಿ ಅದರ ಮೇಲೆ ಎಣ್ಣೆ ಚಿಮುಕಿಸಿದರೆ ಭಗ್ಗೆಂದು ಉರಿಯುತ್ತದೆ. ಆ ಉರಿಯ ಒಂದೊಂದು ಗುದ್ದೂ ಬೀಳುವುದು ಈ ಶಾಫ್ಟಿನ ಮೇಲೆ. ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಆರು ಸಿಲಿಂಡರಿನಿಂದ 4,500 ಗುದ್ದು, ಗಂಟೆಗೆ 2,70,000. ಕೇಳಿ ನನಗೆ ಆ ಕಬ್ಬಿಣದ ಮೇಲೆ ಕರುಣೆಯೇ ಬಂತು.

ಆಮೇಲೆ ಮೇಸ್ತ್ರಿ, “ಅಕ್ಕ, ಸ್ವಲ್ಪ ಚಿಮಿಣಿ ಎಣ್ಣೆ, ಮಕ್ಕಳ ಎರಡು ಸೀಮೆಸುಣ್ಣ ಕೊಡಿ” ಎಂದರು. ಶಾಫ್ಟಿಗೆ ಚಿಮಿಣಿ ಎಣ್ಣೆ ಸವರಿ ಬಹಳ ಹೊತ್ತು ಬಿಟ್ಟರು. ಬಟ್ಟೆಯಿಂದ ಒಣಗುವಂತೆ ಒರೆಸಿದರು. ಮೇಲೆ ಸುಣ್ಣದ ಪುಡಿ ತಿಕ್ಕಿ, ನಾವು ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರು. ನಾಲ್ಕನೆಯ ತಿರುವಿನ ಮೂಲೆಯಲ್ಲಿ, ಬಿಳಿಯ ಸುಣ್ಣದ ಮೇಲೆ, ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ನಿಧಾನವಾಗಿ ಮೂಡಿತು. ಬಿರುಕಿನೊಳಗೆ ಅವಿತಿದ್ದ ಎಣ್ಣೆ ಹೊರಗೆ ಬಂದಿತ್ತು.

ಅದನ್ನು ನೋಡಿದವರು ನಾವು ಮೂವರೇ. ಗೆರೆ ಡಿಸೆಂಬರಿನಲ್ಲಿಯೂ ಇದ್ದಿರಬಹುದು ಎಂದರು ಮೇಸ್ತ್ರಿ. ಇವರು ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ ಮೇಸ್ತ್ರಿಯೇ ಕೇಳಿದರು: “ಧನಿ, ಸುಣ್ಣ ಒರೆಸಲಾ?”

ಒರೆಸಿದರೆ ಶಾಫ್ಟು ಮತ್ತೆ ಹೊಳೆಯುವ ಕಬ್ಬಿಣ. ಇನ್ನೊಂದು ವರ್ಷ ನಡೆದರೂ ನಡೆದೀತು. ನಡೆಯದಿದ್ದರೆ? ಎಲ್ಲಾದರೂ ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವ ಅಳಿವೆಯ ಬಾಗಿಲಲ್ಲಿ ಎಂಜಿನ್ನು ಕೈಕೊಟ್ಟರೆ ಬೋಟನ್ನು ತೆರೆ ಎಲ್ಲಿಗೆ ಎಸೆಯುತ್ತದೆಂದು ಈ ಊರಿನ ಮಕ್ಕಳಿಗೂ ಗೊತ್ತು.

ಸಂಜೆ ಇವರು ತಂಡೇಲನನ್ನು ಕರೆಸಿ ವಿಷಯ ಹೇಳಿದರು. ಆತ ಗೆರೆಯನ್ನು ನೋಡಿದ, ತಲೆ ಕೆರೆದುಕೊಂಡ. “ಒಂದು ಸೀಸನ್ ನಡೆಯುತ್ತದೆ ಧನಿ, ನಾನು ಜಾಗ್ರತೆಯಾಗಿ ಬಿಡುತ್ತೇನೆ” ಎಂದ. ಸುಳ್ಳು ಹೇಳುವುದೇಕೆ? ಆ ಕ್ಷಣ ನನ್ನ ಎದೆ ಹಗುರವಾಯಿತು. ಹೋಗುವವನೇ ಒಪ್ಪಿದ ಮೇಲೆ ನಮ್ಮದೇನು ತಪ್ಪು?

ರಾತ್ರಿ ನಿದ್ದೆ ಬರಲಿಲ್ಲ. ಮನೆಯ ಹಂಚು ಬದಲಿಸಲು ಆತ ಮೇ ತಿಂಗಳಲ್ಲೇ ನಮ್ಮಿಂದ ಮುಂಗಡ ತೆಗೆದುಕೊಂಡಿದ್ದ. ಬೋಟು ಇಳಿಯದಿದ್ದರೆ ಅವನಿಗೆ ಪಾಲಿಲ್ಲ, ಸಾಲ ತೀರುವುದಿಲ್ಲ. ‘ಬೇಡ’ ಎನ್ನಲು ಜಾಗವೇ ಇಲ್ಲದವನು ಹೇಳಿದ ‘ಹೂಂ’ ಅದು. ಅದನ್ನು ನಾವು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯಬಹುದೇ? ಉಳಿದ ಆರು ಜನರನ್ನಂತೂ ಯಾರೂ ಕೇಳಿರಲೇ ಇಲ್ಲ.

ಬಹಳ ವರ್ಷಗಳ ನಂತರ ಇಂಥದೇ ಕಥೆಯನ್ನು ಓದಿದೆ. ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಒಬ್ಬ ಹಡಗಿನ ಯಜಮಾನ ಬರುತ್ತಾನೆ. ಹಡಗು ಹಳೆಯದು, ರಿಪೇರಿ ಬೇಕೇನೋ ಎಂಬ ಅನುಮಾನ ಅವನಿಗಿದೆ. ಇಷ್ಟು ಸಲ ಸುಖವಾಗಿ ಬಂದಿದೆ, ದೇವರಿದ್ದಾನೆ ಎಂದುಕೊಂಡು ಅನುಮಾನವನ್ನು ಅದುಮಿ, ಕೊನೆಗೆ ನಿಜವಾಗಿಯೂ ನಂಬಿ, ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ, ಅವನಿಗೆ ವಿಮೆಯ ಹಣ ಬರುತ್ತದೆ. ಅವನು ಅಪರಾಧಿ ಎಂದು ನಾವೆಲ್ಲ ಹೇಳುತ್ತೇವೆ. ಹಡಗು ಮುಳುಗದೆ ದಡ ಸೇರಿದ್ದರೂ ಅವನ ತಪ್ಪು ಒಂದಿಷ್ಟೂ ಕಡಿಮೆಯಲ್ಲ ಎನ್ನುತ್ತಾನೆ ಕ್ಲಿಫರ್ಡ್. ಓದುವಾಗ ನಮ್ಮ ಹೂವಿನ ಪೂಜೆ ನೆನಪಾಯಿತು. ಡಿಸೆಂಬರಿನಲ್ಲಿ ಏನೂ ಆಗದಿದ್ದದ್ದು ಆ ಏಳು ಜನರ ಪುಣ್ಯ. ಅದನ್ನು ನಮ್ಮ ಒಳ್ಳೆಯತನದ ಖಾತೆಗೆ ಬರೆದುಕೊಂಡಿದ್ದೆವು.

ಬೆಳಿಗ್ಗೆ ಇವರಿಗೆ ಹೇಳಿದೆ, ಆ ಶಾಫ್ಟು ಬೇಡ ಎಂದು. “ಹಣ ಎಲ್ಲಿಂದ ತರುವುದು, ನೀನೇ ಹೇಳು” ಎಂದು ರೇಗಿದರು. ಹಣ ಇತ್ತು. ಮಗಳನ್ನು ಹಾಸ್ಟೆಲಿನಲ್ಲಿಟ್ಟು ಅವಳ ಇಷ್ಟದ ಓದಿಗೆ ಕಳಿಸಲು ಬ್ಯಾಂಕಿನಲ್ಲಿ ಇಟ್ಟಿದ್ದ ಹಣ. ಬಿಚ್ಚಿದ ಎಂಜಿನ್ನಿನಿಂದ ತೆಗೆದ ಗಟ್ಟಿ ಶಾಫ್ಟೊಂದು ಸಿಕ್ಕಿತು. ಮತ್ತೆ ಚಿಮಿಣಿ ಎಣ್ಣೆ, ಮತ್ತೆ ಸುಣ್ಣ. ಈ ಸಲ ಪುಡಿಯ ತಟ್ಟೆ ಹಿಡಿದು ನಾನೇ ಕುಳಿತಿದ್ದೆ. ಗೆರೆ ಬರಲಿಲ್ಲ. ಮಗಳು ಊರಿನ ಕಾಲೇಜಿಗೇ ಸೇರಿದಳು. ಈ ವರ್ಷ ಅನುಕೂಲವಿಲ್ಲ ಎಂದಷ್ಟೇ ಅವಳಿಗೆ ಹೇಳಿದ್ದೆವು.

ನಾನು ಒಳ್ಳೆಯ ಕೆಲಸ ಮಾಡಿದೆನೆಂಬ ಹೆಮ್ಮೆ ಬಹಳ ಕಾಲ ಉಳಿಯಿತು. ಕೆಲವು ವರ್ಷಗಳ ಹಿಂದೆ, ಅವಳು ತವರಿಗೆ ಬಂದಿದ್ದಾಗ, ಈ ಕಥೆಯನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಅವಳೆಂದಳು: “ಶಾಫ್ಟು ಹಾಕಿಸಿದ್ದು ಸರಿ ಅಮ್ಮ. ತಂಡೇಲನನ್ನಾದರೂ ನೀವು ಕರೆದು ಕೇಳಿದಿರಿ. ನನ್ನನ್ನು ಕೇಳಲೇ ಇಲ್ಲ.”

ಉತ್ತರ ನನ್ನಲ್ಲಿರಲಿಲ್ಲ. ಕೇಳಿದ್ದರೆ ಅವಳೂ ‘ಹೂಂ’ ಎನ್ನುತ್ತಿದ್ದಳು. ಅದೂ ತಂಡೇಲನ ‘ಹೂಂ’ ಥರದ್ದೇ ಆಗಿರುತ್ತಿತ್ತೇನೋ. ಆದರೂ ಕೇಳಬೇಕಿತ್ತು. ‘ನಡೆಯುತ್ತದೆ’ ಎನ್ನುವ ಹಕ್ಕು ಮೊದಲು ಅದರ ಭಾರ ಹೊರುವವರದು. ಅವರಿಗೆ ‘ಇಲ್ಲ’ ಎನ್ನುವ ದಾರಿಯನ್ನೂ ಬಿಟ್ಟು ಕೇಳುವುದು ನಮ್ಮ ಕರ್ತವ್ಯ. ಇದು ನನಗೆ ಗೊತ್ತಿದ್ದೂ ಮನೆಯೊಳಗೆ ಮರೆತುಹೋಯಿತು. ಹೊರಗಿನವರ ವಿಷಯದಲ್ಲಿ ಎಚ್ಚರವಾಗುವ ಮನಸ್ಸು ಮನೆಯವರನ್ನು ನಮ್ಮದೇ ಕೈಕಾಲು ಎಂದುಕೊಳ್ಳುತ್ತದೆ.

ಆ ಬೋಟು ಮಾರಿ ಎಷ್ಟೋ ವರ್ಷವಾಯಿತು. ಮೊನ್ನೆ ಅಡುಗೆಗೆ ಬರುವ ಹುಡುಗಿ ಗ್ಯಾಸಿನ ಟ್ಯೂಬು ತೋರಿಸಿದಳು. ಅದರ ಮೇಲೆ ಅಚ್ಚಾದ ವರ್ಷಕ್ಕೆ ಐದು ಕೂಡಿಸಿದರೆ ಅವಧಿ ಹೋದ ವರ್ಷವೇ ಮುಗಿದಿತ್ತು. “ನಡೆಯುತ್ತದಾ ಅಮ್ಮ?” ಎಂದು ಕೇಳಿದಳು. ಒಲೆಯ ಮುಂದೆ ನಿಲ್ಲುವವಳು ಅವಳು. ಒಲೆ ಆರಿಸಲು ಹೇಳಿ, ಕೊಡೆ ಹಿಡಿದು ಅಂಗಡಿಗೆ ಹೊರಟೆ.